ಕೇಳಬೇಡ ಎಂದ ಮಾತು

ಬೆಳಿಗ್ಗೆ ಏಳಕ್ಕೆ ಹಾತುಸೆರಿಯ ಮುಸ್ಲಿಮರು ಮೂರು ದೋಣಿಗಳಲ್ಲಿ ವಾಯ್ಲೆಲಾದ ದಡಕ್ಕೆ ಬಂದರು. ಅಲ್ಲಿಯ ಕ್ರೈಸ್ತರು ಸುಟ್ಟುಹೋಗಿದ್ದ ಚರ್ಚನ್ನು ಮತ್ತೆ ಕಟ್ಟುತ್ತಿದ್ದರು. ಅದರ ಮಾಡಿಗೆ ಇವರು ತೊಲೆ ತಂದಿದ್ದರು. ಅಂಬೋನ್ ದ್ವೀಪಸೀಮೆಯಲ್ಲಿ ಕ್ರೈಸ್ತರಿಗೂ ಮುಸ್ಲಿಮರಿಗೂ ನಡೆದ ಗಲಭೆ ನಿಂತು ಎರಡನೆಯ ವರ್ಷ ಅದು.

"ಏನ್ರಪ್ಪಾ, ತೊಲೆ ತಂದ್ರೋ, ಹಲ್ಲುಕಡ್ಡಿ ತಂದ್ರೋ?" ದಡದಿಂದ ಯಾರೋ ಕೂಗಿದರು.

"ಉದ್ದ ಬೇಕಿತ್ತಾ? ನಿಮ್ ಪಾದ್ರಿ ಉಪದೇಶ ಇದೆಯಲ್ಲ, ಅದನ್ನೇ ಅಡ್ಡ ಇಡ್ರಿ!"

ದಡವೆಲ್ಲ ನಕ್ಕಿತು. ಅಡುಗೆಯ ಚಪ್ಪರದಲ್ಲಿ ಸಾಗೂ ಮರದ ಹಿಟ್ಟಿನ ಗಂಜಿ ತಿರುವುತ್ತಿದ್ದ ದೊರ್ಚೆ ನಗಲಿಲ್ಲ. ಕೊನೆಯ ದೋಣಿಯಿಂದ ಇಳಿದವನು ಇದ್ರಿಸ್.

ಎರಡೂ ಊರುಗಳದು ಪೆಲಾ, ಅಜ್ಜಂದಿರು ಆಣೆಯಿಟ್ಟು ಬೆಸೆದ ಒಡಹುಟ್ಟು. ಇವರ ಮಸೀದಿಗೆ ಅವರು, ಅವರ ಚರ್ಚಿಗೆ ಇವರು ಮರ ತರಬೇಕು. ಪೆಲಾದವರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ಕೇಳಿದವರ ಮುಂದೆ ಪೆಲಾ ನಂಟನ್ನು ಮುಚ್ಚಿಟ್ಟವನ ವಂಶ ಉಳಿಯುವುದಿಲ್ಲ ಎಂಬುದು ನಂಬಿಕೆ.

ಗಲಭೆಯ ವರ್ಷ ದೊರ್ಚೆಯ ಒಬ್ಬನೇ ಮಗ ಮೆಲ್ಕಿಗೆ ಕರುಳು ಕಿತ್ತುಬರುವಂಥ ಹೊಟ್ಟೆನೋವು. ಪಟ್ಟಣದ ಆಸ್ಪತ್ರೆಗೆ ಸಮುದ್ರವೊಂದೇ ದಾರಿ. ಕ್ರೈಸ್ತರ ದೋಣಿ ಆ ಕಡೆ ಹೋಗುವಂತಿರಲಿಲ್ಲ. ದೊರ್ಚೆ ಹಾತುಸೆರಿಗೆ ಕೇಳಿಕಳಿಸಿದಳು, ಇದ್ರಿಸ್ ತಾನೇ ದೋಣಿ ತಂದ. ಕೊಲ್ಲಿಯ ಬಾಯಲ್ಲಿ ಬೇರೆ ದ್ವೀಪದಿಂದ ಬಂದಿದ್ದ ಮುಸ್ಲಿಂ ಬಂದೂಕಿನವರು ಅಡ್ಡಹಾಕಿ, ಮಲಗಿದವನು ಯಾರು ಎಂದರು. ನನ್ನ ಮಗ ಎಂದಿದ್ದರೆ ಸಾಕಿತ್ತು. "ವಾಯ್ಲೆಲಾದ ಹುಡುಗ, ನಮ್ಮ ಪೆಲಾ. ಯಾರೂ ಮುಟ್ಟೋ ಹಾಗಿಲ್ಲ" ಎಂದ ಇದ್ರಿಸ್. ಪೆಲಾ ಏನೆಂದು ಅವರಿಗೆ ಗೊತ್ತಿರಲಿಲ್ಲ. ವಾಯ್ಲೆಲಾ ಕ್ರೈಸ್ತರ ಊರೆಂದು ಗೊತ್ತಿತ್ತು. ಮೆಲ್ಕಿಯ ಹೆಣವೂ ಸಿಗಲಿಲ್ಲ. ನಡೆದದ್ದನ್ನು ಒಂದಕ್ಷರ ಬಿಡದೆ ಇದ್ರಿಸ್ ಹೇಳಿಕಳಿಸಿದ್ದ. ಮುಖ ತೋರಿಸಿದ್ದು ಇವತ್ತೇ.

ಅವನು ಚಪ್ಪರದ ಕಂಬದ ಬಳಿ ನಿಂತ.

"ಅಕ್ಕಾ."

"ಬಾ, ಕೂತ್ಕೋ."

"ಕೂರಲ್ಲ. ಒಂದು ಕೇಳ್ಬೇಕು ಅಂತ ಬಂದೆ..."

"ಕೇಳ್ಬೇಡ ತಮ್ಮಾ."

"ನಾನಿನ್ನೂ ಏನೂ..."

"ಏನು ಕೇಳ್ತೀಯ ಅಂತ ಗೊತ್ತು ನಂಗೆ. ನೀನು ಕ್ಷಮ್ಸು ಅಂದ್ರೆ ನಾನು ಕ್ಷಮಿಸ್ಲೇಬೇಕು. ಇಲ್ಲ ಅನ್ನೋ ಹಾಗಿಲ್ಲ. ಆದ್ರೆ ಅದು ಇನ್ನೂ ನನ್ನ ಹತ್ರ ಇಲ್ಲ ಕಣೋ. ಇಲ್ಲದ್ದನ್ನ ಎಲ್ಲಿಂದ ತಂದು ಕೊಡ್ಲಿ?"

ಇದ್ರಿಸ್ ನೆಲ ನೋಡಿದ. "ಸುಳ್ಳು ಹೇಳ್ಬಹುದಿತ್ತು. ನಾಲಿಗೆ ತುದೀಲೇ ಇತ್ತು."

"ನಾನಾಗಿದ್ರೂ ಪೆಲಾ ಅಂತ್ಲೇ ಹೇಳ್ತಿದ್ದೆ." ದೊರ್ಚೆ ಸೌಟು ಕೆಳಗಿಟ್ಟಳು. "ಅದೇ ನನ್ನ ಸುಡ್ತಿರೋದು. ಬೈಯೋಕೂ ನೀನು ಸಿಗ್ತಿಲ್ಲ."

"ಇದ್ರಿಸಣ್ಣಾ!" ಹೊರಗಿನಿಂದ ಕೂಗು ಬಂತು. "ಭಾರಕ್ಕೆ ಹೆದರಿ ಹೆಂಗಸ್ರ ಮಧ್ಯೆ ಸೇರ್ಕೊಂಡ್ಯಾ?"

ಅವನು ಏನನ್ನೂ ಕೇಳಲಿಲ್ಲ. ಹೋಗಿ ತೊಲೆಗೆ ಹೆಗಲು ಕೊಟ್ಟ. ದೊರ್ಚೆ ಅತ್ತ ನೋಡದೆ ಗಂಜಿ ತಿರುವಿದಳು. ತಳ ಆಗಲೇ ಸೀದಿತ್ತು. ಮಧ್ಯಾಹ್ನದೊಳಗೆ ತೊಲೆ ಮೇಲೇರಿತು.

ಡಿಸೆಂಬರಿನಲ್ಲಿ ಚರ್ಚು ತೆರೆದ ದಿನ ದೊರ್ಚೆ ಎಲ್ಲರಿಗಿಂತ ಮೊದಲೇ ದಡದಲ್ಲಿದ್ದಳು. ಹಾತುಸೆರಿಯಿಂದ ಬಂದ ಒಂದೊಂದು ದೋಣಿಯ ಬಳಿಯೂ ಹೋಗಿ ಇದ್ರಿಸ್ ಎಲ್ಲಿ ಎಂದು ವಿಚಾರಿಸಿದಳು. ಅವನು ದೋಣಿ ಮಾರಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಸೆರಾಂ ದ್ವೀಪಕ್ಕೆ ಹೋಗಿ ತಿಂಗಳಾಗಿತ್ತು.