ಬಾಸಿಲನ ಲಗೇಜು

ಶವಪೆಟ್ಟಿಗೆಯೊಳಗೆ ಮೊಣಕೈವರೆಗೂ ಕೈ ತೂರಿಸಿ ಲಿಯೋನಿ ಗಂಡನ ಕಂಕುಳ ಸಂದಿಯಿಂದ ಹೊಗೆಸೊಪ್ಪಿನ ಪೊಟ್ಟಣವೊಂದನ್ನು ಎಳೆದು ತೆಗೆದಳು. ಅದರ ಹಿಂದೆಯೇ ಒಂದು ಬೆಂಕಿಪೊಟ್ಟಣವೂ ಬಂತು.

"ಇದು ಯಾರದ್ದು?"

ಕೋಣೆಯಲ್ಲಿ ಕೂತಿದ್ದ ಹತ್ತು ಹನ್ನೆರಡು ಮಂದಿ ಕಾಫಿ ಲೋಟದ ತಳದಲ್ಲಿ ಏನೋ ಬರೆದಿದೆ ಎಂಬಂತೆ ಅದನ್ನೇ ನೋಡತೊಡಗಿದರು. ಕೊನೆಗೆ ಬಡಗಿ ಫ್ಲೋರಿಸ್ ಕೆಮ್ಮಿದ. ಪೆಟ್ಟಿಗೆ ಮಾಡಿದವನೂ ಅವನೇ, ಮೂರು ಗಂಟೆಗೆ ಅದರ ಸ್ಕ್ರೂ ಬಿಗಿಯಬೇಕಾದವನೂ ಅವನೇ. ಸತ್ತ ಬಾಸಿಲನ ಜೊತೆ ಐವತ್ತು ವರ್ಷ ಕೂತು ಕಳ್ಳು ಕುಡಿದವನು.

"ನಂದೇ ತಂಗಿ. ನಮ್ಮಣ್ಣನಿಗೆ ಅಂತ. ಸಾಯೋ ಹೊತ್ತಲ್ಲಿ ಒಂದು ದಮ್ಮು ಕೇಳಿದ್ದ, ಡಾಕ್ಟರು ಬೇಡ ಅಂದ್ರು. ಹೇಗೂ ಬಾಸಿಲ್ ಆ ಕಡೆಗೇ ಹೊರಟಿದಾನಲ್ಲ..."

"ಬೆಂಕಿಪೊಟ್ಟಣ ಯಾಕೆ?"

"ಅಲ್ಲಿ ಸಿಗತ್ತೋ ಇಲ್ವೋ."

"ನಿಮ್ಮಣ್ಣ ಹೋಗಿರೋ ಕಡೆ ಬೆಂಕಿಗೇನೂ ಬರ ಇರಲ್ಲ ಬಿಡು," ಎಂದಳು ಪಕ್ಕದ ಮನೆಯ ಜಿನೆಟ್. ಯಾರೋ ಕರವಸ್ತ್ರದೊಳಗೆ ನಕ್ಕರು. ಅಳುವಂತೆ ಕೇಳಿಸಲಿ ಎಂದು ಮೂಗನ್ನೂ ಸೊರಸೊರ ಎಳೆದುಕೊಂಡರು.

ಲಿಯೋನಿ ನಗಲಿಲ್ಲ. ಎರಡು ದಿನದಿಂದ ನಿಂತೇ ಇದ್ದ ಕಾಲುಗಳು ಬಾತು ಚಪ್ಪಲಿಯಿಂದ ಆಚೆ ಉಕ್ಕಿದ್ದವು. ಪೊಟ್ಟಣಗಳನ್ನು ಫ್ಲೋರಿಸನ ತೊಡೆಯ ಮೇಲೆ ಹಾಕಿದಳು. "ತಗೋ. ಅವನು ಏನೂ ಒಯ್ಯಲ್ಲ. ಈ ಸಲ ಬರಿಗೈಲಿ ಹೋಗ್ತಾನೆ."

ಬೆಳಗಿನಿಂದ ಇದು ಮೂರನೆಯದು. ತಲೆದಿಂಬಿನಡಿ ಒಂದು ಲಕೋಟೆ ಸಿಕ್ಕಿತ್ತು. ಕಾಲ್ಚೀಲದೊಳಗೆ ಗಾಜಿನ ಮಣಿಯ ಜಪಮಾಲೆ. ಇದಕ್ಕೆಲ್ಲ ಮೂಲ ಫ್ಲೋರಿಸನೇ. ನಿನ್ನೆ ಸಂಜೆ ಪೆಟ್ಟಿಗೆಯ ಬಳಿ ನಿಂತು, "ಏನಯ್ಯಾ ಬಾಸಿಲ್, ಹೊರಟೇಬಿಟ್ಯಲ್ಲ, ಪಟ್ಟಿ ತಗೊಂಡ್ಯಾ?" ಎಂದಿದ್ದ. ಎಲ್ಲರೂ ನಕ್ಕಿದ್ದರು. ಆಮೇಲೆ ಒಬ್ಬೊಬ್ಬರೇ ನಗುವುದನ್ನು ನಿಲ್ಲಿಸಿ ಯೋಚನೆಗೆ ಬಿದ್ದಿದ್ದರು. ಲಾ ಡೀಗ್ ದ್ವೀಪದಲ್ಲಿ ಆ ಕಡೆ ಒಬ್ಬರಾದರೂ ಇಲ್ಲದ ಮನೆ ಯಾವುದಿದೆ?

*

ಮೊದಲ ಪ್ರವಾಸ ಮಾರಿಷಸ್ಸಿಗೆ. ಮೂವತ್ತೊಂದು ವರ್ಷದ ಹಿಂದಿನ ಮಾತು. ಮದುವೆಯಾಗಿ ಒಂಬತ್ತು ವರ್ಷ ಕಳೆದಿತ್ತು. ಮಕ್ಕಳಿರಲಿಲ್ಲ, ಆಗುವ ಹಾಗೂ ಇರಲಿಲ್ಲ. ಬಾಸಿಲ್ ದೋಣಿಕಟ್ಟೆಯಲ್ಲಿ ಹಗ್ಗ ಹಿಡಿಯುವವನು. ಲಿಯೋನಿ ಗೆಸ್ಟ್‌ಹೌಸಿನಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಅವನು ಇಳಿಸಿಕೊಂಡ ಪ್ರವಾಸಿಗಳು ಮಲಗೆದ್ದ ಚಾದರವನ್ನು ಅವಳು ಒಗೆದು ಹಾಕುತ್ತಿದ್ದಳು. ಲೋಕವೆಲ್ಲ ದಣಿವಾರಿಸಿಕೊಳ್ಳಲು ಈ ದ್ವೀಪಕ್ಕೆ ಬರುತ್ತದಲ್ಲ, ನಾವು ದಣಿವಾರಿಸಿಕೊಳ್ಳಲು ಎಲ್ಲಿಗೆ ಹೋಗೋದು ಎಂದು ಅವಳೇ ಕೇಳಿದ್ದಳು.

ಹೊರಡುವ ದಿನ ಅರ್ಧ ಊರೇ ದೋಣಿಕಟ್ಟೆಗೆ ಬಂತು, ಬೀಳ್ಕೊಡಲು ಎಂದು ಅವಳು ತಿಳಿದಳು. ಬಂದವರ ಕೈಯಲ್ಲೆಲ್ಲ ಚೀಟಿ.

"ಬಾಸಿಲ್, ಕುಕ್ಕರಿನ ರಬ್ಬರು. ಅಳತೆಗೆ ಹಳೇದು ತಗೋ."

"ಬಾಸಿಲಣ್ಣ, ಪರದೆಗೆ ಬಳೆ, ಹಿತ್ತಾಳೇದು, ಇಪ್ಪತ್ತನಾಲ್ಕು."

"ನಮ್ಮ ಯಜಮಾನ್ರಿಗೊಂದು ಟೋಪನ್. ಕೂದಲು ಕಪ್ಪು ಬೇಡ, ನಂಬೋ ಹಾಗಿರಲಿ."

ಶಾಲೆಯ ನೋಟುಬುಕ್ಕಿನಲ್ಲಿ ಬಾಸಿಲ್ ಎಲ್ಲವನ್ನೂ ಬರೆದುಕೊಂಡ. ಬೇಡ ಎನ್ನುವ ಮಾತು ಅವನ ಬಾಯಲ್ಲಿ ಹುಟ್ಟಿರಲೇ ಇಲ್ಲ. ಆ ಎಂಟು ದಿನ ಅವರು ಮಾರುಕಟ್ಟೆಯಿಂದ ಮಾರುಕಟ್ಟೆಗೆ ನಡೆದರು, ನಿಂತೇ ತಿಂದರು. ಊರಿಗೆಲ್ಲ ಅದು ರಜೆ, ಅವಳಿಗೆ ಸಜೆ. ವಾಪಸು ಬರುವಾಗ ಪೆಟ್ಟಿಗೆಯಲ್ಲಿ ಅವಳ ಬಟ್ಟೆಗೇ ಜಾಗವಿಲ್ಲ. ಮೂರು ಫ್ರಾಕುಗಳನ್ನು ಒಂದರ ಮೇಲೊಂದು ತೊಟ್ಟು ವಿಮಾನ ನಿಲ್ದಾಣದಲ್ಲಿ ಬೆವರುತ್ತ ನಿಂತಳು. ಬಾಸಿಲ್ ಮೂಗು ಹಿಡಿದುಕೊಂಡು, ಅಲ್ಲಿನ ಘೋಷಣೆಯ ಹೆಂಗಸಿನ ದನಿಯನ್ನೇ ಎರವಲು ತಂದ:

"ಪ್ರಯಾಣಿಕರ ಗಮನಕ್ಕೆ! ಮೂರು ಫ್ರಾಕು ತೊಟ್ಟವರು ದಯವಿಟ್ಟು ಬಾಗಿಲಲ್ಲಿ ಅಡ್ಡಡ್ಡ ಹೋಗಿರಿ. ನೇರ ಹೋದಲ್ಲಿ ಬಾಗಿಲಿಗೆ ಕಂಪನಿ ಜವಾಬ್ದಾರಿಯಲ್ಲ!"

ಅವಳು ನಕ್ಕಳು. ನಕ್ಕಿದ್ದೇ ತಪ್ಪಾಯಿತು. ಮುಂದೆ ಎರಡು ಮೂರು ವರ್ಷಕ್ಕೊಮ್ಮೆ ಜುಲೈ ಬಂತೆಂದರೆ ಪಟ್ಟಿ ತುಂಬುವವರೆಗೆ ಪೆಟ್ಟಿಗೆ ಮುಚ್ಚುತ್ತಿರಲಿಲ್ಲ.

*

ಹನ್ನೆರಡೂವರೆಗೆ ರೇಡಿಯೋದಲ್ಲಿ ಸಾವಿನ ಸುದ್ದಿ ಓದಿದರು. ಬಾಸಿಲನ ಹೆಸರು, ವಯಸ್ಸು ಎಪ್ಪತ್ತೊಂದು, ಆಮೇಲೆ ಸಂಬಂಧಿಕರ ಸಾಲು. ಬೇರೆಯವರಿಗೆ ಈ ಸಾಲು ಐದು ನಿಮಿಷ ಓಡುವುದುಂಟು. ಬಾಸಿಲನದು ಒಂದೇ ಉಸಿರಿನಲ್ಲಿ ಮುಗಿಯಿತು: ಹೆಂಡತಿ ಲಿಯೋನಿ, ಅಕ್ಕ ಕ್ಲೊಟಿಲ್ಡಾ. ಓದುವವಳು ಇನ್ನೂ ಇದೆಯೇನೋ ಎಂದು ಕಾಗದ ತಿರುವಿದ ಸದ್ದೂ ಕೇಳಿಸಿತು.

"ಇಷ್ಟೇನಾ?" ಎಂದಳು ಜಿನೆಟ್. "ನಮ್ಮನ್ನೂ ಸೇರಿಸಬಹುದಿತ್ತು."

"ನಿನ್ನನ್ನ ಏನಂತ ಸೇರಿಸೋದು? ಜಿಗಣೆ ಹಾಗೆ ಮೈಗೆ ಅಂಟಿಕೊಂಡವಳು ಅಂತಲಾ?" ಎಂದ ಫ್ಲೋರಿಸ್.

"ನಾನು ತರಿಸಿದ್ದು ಹೊಲಿಗೆ ಸೂಜಿ ಅಷ್ಟೇ. ನೀನು ಗರಗಸ ತರಿಸಿದವನು. ಪಾಪ ಬಾಸಿಲ್, ಅದೇನು ಅಂತ ವಿಮಾನ ನಿಲ್ದಾಣದಲ್ಲಿ ಕೇಳಿದ ಪೊಲೀಸಿನವನ ಮುಂದೆ ಮರ ಕುಯ್ಯೋ ಹಾಗೆ ಅಣಕ ಮಾಡಿ ತೋರಿಸಿದ್ನಂತೆ."

ಮೂಲೆಯ ಕುರ್ಚಿಯಲ್ಲಿ ಕ್ಲೊಟಿಲ್ಡಾ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಂಬತ್ತರ ಹೆಂಗಸು, ಬೆನ್ನು ಇನ್ನೂ ನೆಟ್ಟಗಿತ್ತು. ಮೂವತ್ತೊಂದು ವರ್ಷದಲ್ಲಿ ತಮ್ಮನಿಗೆ ಒಂದೇ ಒಂದು ಚೀಟಿ ಕೊಡದವಳು ಇಡೀ ದ್ವೀಪದಲ್ಲಿ ಅವಳೊಬ್ಬಳೇ. ಲಿಯೋನಿಗೆ ಅದಕ್ಕಾಗಿ ಅವಳ ಮೇಲೆ ಗೌರವವಿತ್ತು. ಪ್ರೀತಿ ಅಷ್ಟಾಗಿ ಇರಲಿಲ್ಲ.

ಜಿನೆಟ್ ಒಳಗಿಂದ ಹುರಿದ ದೀವಿಹಲಸಿನ ತಟ್ಟೆ ತಂದಳು. "ಎರಡು ತುಂಡು ಬಾಯಿಗೆ ಹಾಕ್ಕೋ ಅಕ್ಕ. ಕೂತ್ಕೋ ಸ್ವಲ್ಪ."

"ಕೂತ್ರೆ ನೀವೆಲ್ಲ ಇನ್ನೇನು ತುರುಕ್ತೀರೋ."

*

ಬ್ಯಾಂಕಾಕಿನಲ್ಲಿ ಅವಳು ಕೂತೇಬಿಟ್ಟಿದ್ದಳು. ಆರು ವರ್ಷವಾಯಿತು. ನದಿಯ ದಂಡೆಯ ಕಲ್ಲುಬೆಂಚು. ಬಾಸಿಲ್, ಊರಲ್ಲಿ ಗಾಡಿ ಹೊಡೆಯುವ ಜೂಲ್ಸನ ಎತ್ತಿಗೆ ಗಂಟೆ ಹುಡುಕುತ್ತಿದ್ದ.

"ಏಳು ಲಿಯೋನಿ, ಇನ್ನೆರಡೇ ಬೀದಿ."

"ನಾನು ಏಳಲ್ಲ."

"ಐದು ನಿಮಿಷ ಕೂತು ಏಳು ಮತ್ತೆ."

"ನೀನು ಹೋಗು. ಎತ್ತು ಕಾಯ್ತಾ ಇರತ್ತೆ."

ಅವನು ಹೋದ. ಮರಳಿದ್ದು ನಾಲ್ಕು ಗಂಟೆ ಕಳೆದ ಮೇಲೆ. ಆ ನಾಲ್ಕು ಗಂಟೆ ಅವಳು ಮಾವಿನಹಣ್ಣು ತಿನ್ನುತ್ತ ದೋಣಿಗಳನ್ನು ನೋಡಿದಳು. ಒಂದಕ್ಕೂ ಹಗ್ಗ ಹಿಡಿಯಬೇಕಾಗಿರಲಿಲ್ಲ, ಒಂದರಿಂದಲೂ ಚಾದರ ಇಳಿಯುತ್ತಿರಲಿಲ್ಲ. ಎಲ್ಲ ಪ್ರವಾಸಗಳಲ್ಲಿ ಅವಳಿಗೆ ದಕ್ಕಿದ ಸುಖ ಅದೊಂದೇ. ಆ ಸುಖದಲ್ಲಿ ಗಂಡ ಇರಲಿಲ್ಲವಲ್ಲ ಎಂಬುದು ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು.

"ಒಂದು ಸಲ, ಒಂದೇ ಸಲ ಬರಿಗೈಲಿ ಹೋಗಿ ಬರಿಗೈಲಿ ಬರೋಕೆ ಆಗಲ್ವಾ ನಿನಗೆ?" ಎಂದಳು.

ಬಾಸಿಲ್ ಯಾರನ್ನೂ ಅಣಕಿಸದೆ, ತನ್ನದೇ ದನಿಯಲ್ಲಿ ಮಾತಾಡಿದ್ದು ಅಪರೂಪ. ಅವತ್ತು ಮಾತಾಡಿದ. "ಬರಿಗೈಲಿ ಬಂದ್ರೆ ದೋಣಿಕಟ್ಟೆಗೆ ನಮ್ಮನ್ನ ಎದುರುಗೊಳ್ಳೋಕೆ ಯಾರು ಬರ್ತಾರೆ ಹೇಳು. ಬೇರೆಯವರಿಗೆ ಮಕ್ಕಳು ಬರ್ತವೆ."

ಅವಳು ಮತ್ತೆ ಆ ಮಾತೆತ್ತಲಿಲ್ಲ. ಈ ವರ್ಷ ಅವನೇ ಎತ್ತಿದ. ರೀಯೂನಿಯನ್ ದ್ವೀಪದ ಬೆಟ್ಟಗಳ ನಡುವೆ ರಸ್ತೆಯೇ ಇಲ್ಲದ ಊರುಗಳಿವೆಯಂತೆ, ರಸ್ತೆಯಿಲ್ಲ ಅಂದಮೇಲೆ ಬಜಾರೂ ಇಲ್ಲ. ಟಿಕೆಟು ಬಂತು. ಯಾರಿಗೂ ಹೇಳಲಿಲ್ಲ. ಆದರೂ ಯಾರಾದರೂ ಕೇಳಿಯಾರೆಂದು ಬಾಸಿಲ್ ದಿನಾ ಕನ್ನಡಿಯೆದುರು ನಿಂತು 'ಆಗಲ್ಲ' ಎನ್ನುವುದನ್ನು ಕಲಿಯತೊಡಗಿದ. ತನ್ನ ದನಿಯಲ್ಲಿ ಬಾರದೆ, ಪಾಸ್‌ಪೋರ್ಟ್ ಕಚೇರಿಯ ಗುಮಾಸ್ತನ ದನಿಯಲ್ಲಿ ಹೇಳುತ್ತಿದ್ದ: "ಆಗಲ್ಲ ಮೇಡಂ, ಆಗಲ್ಲ. ನಾಳೆ ಬಂದರೂ ಆಗಲ್ಲ." ಕನ್ನಡಿಯೇ ಹೆದರಬೇಕು, ಹಾಗೆ.

ಸೋಮವಾರ ಬೆಳಗಿನ ದೋಣಿಗೆ ಹಗ್ಗ ಕಟ್ಟಿ, ಕಟ್ಟೆಯ ಮೇಲೆ ಕೂತವನು ಏಳಲಿಲ್ಲ. ಹೊರಡಲು ಹನ್ನೊಂದು ದಿನವಿತ್ತು.

*

ಎರಡೂವರೆಗೆ ಜೂಲ್ಸ್ ಗಾಡಿ ತಂದು ನಿಲ್ಲಿಸಿದ. ಪ್ರವಾಸಿಗಳನ್ನು ಸುತ್ತಿಸುವ ಗಾಡಿ. ಬಣ್ಣದ ಕುಚ್ಚುಗಳನ್ನು ಬಿಚ್ಚಿಟ್ಟು, ಪೆಟ್ಟಿಗೆಗೆ ಹೊದಿಸಲು ಕಪ್ಪು ಬಟ್ಟೆ ತಂದಿದ್ದ.

ಲಿಯೋನಿ ಪೆಟ್ಟಿಗೆಯ ತಲೆಯ ಕಡೆ ನಿಂತಳು. "ಒಂದು ಮಾತು. ನೀವೆಲ್ಲ ಇಟ್ಟಿರೋದನ್ನ ನೀವೇ ತೆಗೀರಿ. ನಾನು ಆಚೆ ಈಚೆ ನೋಡಲ್ಲ, ಗೋಡೆ ನೋಡ್ತೀನಿ. ಅವನು ನನಗೆ ಮಾತು ಕೊಟ್ಟಿದ್ದ, ಮುಂದಿನ ಪ್ರಯಾಣ ಖಾಲಿ ಕೈ ಅಂತ. ಈ ಮಾತು ನಡೆಸಿಕೊಡಿ."

ಗೋಡೆಗೆ ಮುಖ ಮಾಡಿ ನಿಂತಳು. ಹಿಂದೆ ಚಪ್ಪಲಿ ಸದ್ದು, ಕಾಗದದ ಸರಪರ, ಯಾರದೋ ಬಿಕ್ಕಳಿಕೆ.

"ಅದು ನಂದು, ಬಿಡು."

"ಏ, ನಿಂದು ಆ ಕಡೆ ಮಗ್ಗುಲಲ್ಲಿ."

"ಅಯ್ಯೋ, ಪ್ಯಾಂಟಿನ ಜೇಬಲ್ಲಿ ಇಟ್ಟಿದ್ದೆ, ಈಗ ಕೈ ಹಾಕೋಕೆ ನಾಚಿಕೆ ಆಗತ್ತೆ ಕಣ್ರೀ."

ಜಿನೆಟ್ ಲಕೋಟೆಯೊಂದನ್ನು ಎದೆಗೊತ್ತಿಕೊಂಡು ಹೊರಗೆ ನಡೆದದ್ದು ಕಣ್ಣಂಚಿನಲ್ಲಿ ಕಂಡಿತು. ಬೆಳಗ್ಗೆ ಲಿಯೋನಿ ತೆಗೆದು ವಾಪಸು ಕೊಟ್ಟಿದ್ದನ್ನೇ ಮತ್ತೆ ಇಟ್ಟಿದ್ದಳು. ತಿರುಗಿದಾಗ ಕೋಣೆ ಖಾಲಿಯಾಗಿತ್ತು. ಉಳಿದವರು ಇಬ್ಬರೇ: ಸ್ಕ್ರೂಡ್ರೈವರ್ ಹಿಡಿದ ಫ್ಲೋರಿಸ್, ಮೂಲೆಯಲ್ಲಿ ಕ್ಲೊಟಿಲ್ಡಾ. ಬಾಸಿಲ್ ಜೀವಮಾನದಲ್ಲಿ ಮೊದಲ ಬಾರಿಗೆ ಹಗುರಾಗಿ ಮಲಗಿದ್ದ.

"ಮುಚ್ಚು," ಎಂದಳು ಲಿಯೋನಿ.

"ತಾಳು," ಎಂದಳು ಕ್ಲೊಟಿಲ್ಡಾ.

ಎದ್ದು ಬರಲು ಅವಳಿಗೆ ತುಸು ಹೊತ್ತು ಹಿಡಿಯಿತು. ಕೈಚೀಲದಿಂದ ತುಕ್ಕು ಹಿಡಿದ ಪೆಪ್ಪರಮೆಂಟಿನ ತಗಡು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಹಲ್ಲಿನ ಸೆಟ್ಟು. ಮೇಲಿನದೂ ಕೆಳಗಿನದೂ.

"ಅಪ್ಪಂದು."

ಫ್ಲೋರಿಸ್ ಶಿಲುಬೆಯ ಗುರುತು ಹಾಕಿಕೊಂಡ.

"ಸತ್ತ ದಿನ ತೊಳೆಯೋಣ ಅಂತ ನಾನೇ ತೆಗೆದು ಲೋಟಕ್ಕೆ ಹಾಕಿದ್ದೆ. ಗಡಿಬಿಡೀಲಿ ಮರೆತೆ. ಮಣ್ಣು ಮಾಡಿ ಬಂದು ಕೈ ತೊಳೆಯೋಕೆ ಹೋದ್ರೆ ನೀರಲ್ಲಿ ಕೂತು ನಗ್ತಾ ಇತ್ತು. ಬಾಸಿಲ್ ಕೇಳಿದ್ದ, ಅಕ್ಕ, ಅಪ್ಪನ ಬಾಯಿ ಯಾಕೆ ಒಳಗೆ ಹೋಗಿದೆ ಅಂತ. ಸತ್ತವರ ಬಾಯಿ ಹಾಗೇ ಇರತ್ತೆ, ಸುಮ್ನಿರು ಅಂತ ಎಲ್ಲರ ಮುಂದೆ ಗದರಿಸಿದೆ. ಆಮೇಲೆ ಯಾವ ಬಾಯಲ್ಲಿ ಹೇಳಲಿ?" ಡಬ್ಬಿಯನ್ನು ಮುಂದೆ ಚಾಚಿದಳು. "ನಲವತ್ತಮೂರು ವರ್ಷ ಲಿಯೋನಿ. ಅಪ್ಪನಿಗೆ ಒಣಮೀನು ಅಂದ್ರೆ ಪ್ರಾಣ. ಏನು ತಿಂತಾ ಇದಾರೋ."

ಹೊರಗೆ ಎತ್ತು ಕೊರಳು ಕೊಡವಿತು. ಲಿಯೋನಿ ಗಂಡನ ಮುಖ ನೋಡಿದಳು. ಕೋಪ ತಂದುಕೊಳ್ಳಲು ನೋಡಿದಳು. ಅಷ್ಟು ಶಕ್ತಿ ಉಳಿದಿರಲಿಲ್ಲ.

"ನೀವೇ ಒಯ್ಯಬಹುದಲ್ಲ ಅತ್ತಿಗೆ. ನಿಮಗೂ, ನನಗೂ ಇನ್ನೇನು ಬಹಳ ದಿನ ಇಲ್ಲ."

"ಅಪ್ಪನ ಮುಂದೆ ನಿಂತು ಕೊಡೋ ಧೈರ್ಯ ನನಗಿಲ್ಲ ಮಾರಾಯ್ತಿ. ಇವನಾದ್ರೆ ಏನೋ ಒಂದು ಅಣಕ ಮಾಡಿ ನಗಿಸಿ ಕೊಟ್ಬಿಡ್ತಾನೆ."

ಎಂಬತ್ತರ ಹೆಂಗಸು ಕಣ್ಣು ಕೆಳಗೆ ಹಾಕಿ, ಚೀಟಿ ಹಿಡಿದು ಕಟ್ಟೆಯ ಮೇಲೆ ಸರದಿಗೆ ನಿಂತವರ ಹಾಗೆ ನಿಂತಿದ್ದಳು.

"ಮಾವನವರಿಗೆ ಇವನ ಗುರುತು ಸಿಗತ್ತಾ?" ಲಿಯೋನಿ ಕೇಳಿದಳು. "ಆಗ ಇವನಿಗೆ ತಲೆ ತುಂಬ ಕೂದಲಿತ್ತಂತೆ."

"ಹಲ್ಲು ನೋಡಿ ಹಿಡೀತಾರೆ."

ಫ್ಲೋರಿಸನ ಗಂಟಲಿನಿಂದ ವಿಚಿತ್ರ ಸದ್ದು ಹೊರಟಿತು. ಲಿಯೋನಿ ಡಬ್ಬಿ ಇಸಿದುಕೊಂಡು, ಮುಚ್ಚಳ ಒತ್ತಿ, ಗಂಡನ ಬಲಗೈಯನ್ನು ತುಸು ಸರಿಸಿ ಅದರಡಿ ಇಟ್ಟಳು. ಕೋಟಿನ ತೋಳನ್ನು ಅದರ ಮೇಲೆ ಎಳೆದು ಸರಿಮಾಡಿದಳು.

"ಈಗ ಮುಚ್ಚು."

*

ಇಗರ್ಜಿಯ ಹಾದಿ ಕಾಂಕ್ರೀಟಿನದು, ಹತ್ತು ಹೆಜ್ಜೆಗೊಮ್ಮೆ ಎರಡು ಚಪ್ಪಡಿ ಕೂಡುವ ಕೀಲು. ಮೊದಲ ಕೀಲಿನ ಮೇಲೆ ಚಕ್ರ ಹತ್ತಿ ಇಳಿದಾಗ ಪೆಟ್ಟಿಗೆಯೊಳಗಿಂದ ಕಟಕಟ ಎಂದಿತು.

ಜೂಲ್ಸ್ ಹಗ್ಗ ಜಗ್ಗಿದ. "ಏನೋ ಸಡಿಲ ಆಗಿದೆ ಫ್ಲೋರಿಸ್ ಮಾಮ."

"ನಾನು ಮಾಡಿದ ಪೆಟ್ಟಿಗೆ ಸಡಿಲ ಆಗತ್ತಾ? ನಿನ್ನ ಗಾಡಿ ನೋಡ್ಕೋ."

"ಒಳಗಿಂದ ಬಂತು..."

"ನಡಿ ಜೂಲ್ಸ್," ಎಂದಳು ಲಿಯೋನಿ.

ಎದುರಿನಿಂದ ಬಂದ ಪ್ರವಾಸಿ ಜೋಡಿಯೊಂದು ಸೈಕಲ್ಲಿನಿಂದಿಳಿದು ಟೋಪಿ ತೆಗೆದು ನಿಂತಿತು. ಕ್ಲೊಟಿಲ್ಡಾ ಕೇಳದೆಯೇ ನಾದಿನಿಯ ತೋಳು ಹಿಡಿದುಕೊಂಡಳು. ಇಬ್ಬರೂ ಬಾತ ಕಾಲುಗಳನ್ನು ಎಳೆಯುತ್ತ ಗಾಡಿಯ ಹಿಂದೆ ನಡೆದರು. ಮುಂದಿನ ಕೀಲು ಬಂತು, ಅದರ ಮುಂದಿನದೂ ಬಂತು. ಕಪ್ಪು ಬಟ್ಟೆಯಡಿ, ಬಿಗಿದ ಸ್ಕ್ರೂಗಳ ಆಚೆ, ಯಾರೋ ಬಹುಕಾಲದ ಮೇಲೆ ಗಟ್ಟಿಯಾದದ್ದೊಂದನ್ನು ಆತುರವಿಲ್ಲದೆ ಅಗಿಯುತ್ತಿದ್ದರು.