ತೊಳೆದಿಟ್ಟ ಐದು ಬಾಟಲಿ

ಗಾಜಿನ ಬಾಟಲಿ ಎಸೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಧಾರವಾಡದ ನಮ್ಮ ಮನೆಯಲ್ಲಿ ಜಾಮ್‌ನದ್ದಾಗಲಿ, ಔಷಧದ್ದಾಗಲಿ, ಬಾಟಲಿ ಖಾಲಿಯಾದರೆ ಬಿಸಿನೀರಿನಲ್ಲಿ ನೆನೆಸಿ, ಮೇಲಿನ ಚೀಟಿ ಕಿತ್ತು, ಬಿಸಿಲಿಗಿಟ್ಟು, ಆಮೇಲೆ ಚಟ್ನಿಪುಡಿ ತುಂಬುವುದು ಪದ್ಧತಿ. ಅಮೆರಿಕದ ಟೆಕ್ಸಸ್ಸಿನಲ್ಲಿ ಕೇಟಿ ಎಂಬ ಊರಿನಲ್ಲಿರುವ ಮಗ ಶ್ರೀಕರನ ಮನೆಗೆ ಬಂದ ಮೂರು ವಾರದಲ್ಲಿ ಹನ್ನೊಂದು ಬಾಟಲಿಗಳನ್ನು ಹೀಗೆ ಉದ್ಧಾರ ಮಾಡಿದ್ದೆ. ಯಾರೂ ಚಕಾರ ಎತ್ತಿರಲಿಲ್ಲ.

ಆಮೇಲಿನ ಐದು ನನ್ನ ಮಾನ ತೆಗೆದವು.

ಶನಿವಾರ ಬೆಳಿಗ್ಗೆ ಮಗ, ಸೊಸೆ ಸಾಮಾನು ತರಲು ಹೋಗಿದ್ದರು. ಊಟದ ಮೇಜಿನ ಮೇಲೆ ಅಗಲ ಬಾಯಿಯ ಐದು ಬಾಟಲಿಗಳು ಕೂತಿದ್ದವು. ಒಳಗೆ ಏನೋ ತೆಳ್ಳಗೆ, ಸುರುಳಿ ಸುತ್ತಿದ್ದು. ಪ್ಯಾಕಿಂಗಿನ ಕಾಗದವೆಂದು ತಿಳಿದು ಎಲ್ಲವನ್ನೂ ಒಂದೇ ಕವರಿಗೆ ತುರುಕಿದೆ. ಉದುರಿದ ಚೂರುಗಳನ್ನು ವ್ಯಾಕ್ಯೂಮ್ ಹಿಡಿದು ಎಳೆದೆ. ಚೀಟಿಯ ಅಂಟು ಬಲು ಹಟಮಾರಿ, ಚಾಕುವಿನಿಂದ ಕೆರೆದರೂ ಬಿಡಲೊಲ್ಲದು. ನಾನು ಬಿಡುವವಳೇ? ಅವರು ಬರುವಷ್ಟರಲ್ಲಿ ಐದೂ ಹಿತ್ತಲಲ್ಲಿ ಫಳಫಳ ಒಣಗುತ್ತಿದ್ದವು.

ಸೊಸೆ ಅನಘಾ ನೋಡಿದಳು. ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ಕೂಗಾಡಿದ್ದರೆ ನಾನೂ ತಿರುಗಿ ಕೂಗಾಡಿ ಹಗುರಾಗುತ್ತಿದ್ದೆ.

"ಅತ್ತೆ, ಅದರೊಳಗಿದ್ದ ಪೊರೆ ಎಲ್ಲಿ?"

"ಪೊರಿ? ಯಾವ ಪೊರಿ?"

"ಹಾವಿನ ಪೊರೆ."

ನಾಗಪ್ಪಾ! ಮೂರು ಸಲ ಕೈ ತೊಳೆದುಕೊಂಡು ಬಂದು, ಕವರನ್ನು ಚಾಚಿದ ಕೈಯಲ್ಲಿ ಹಿಡಿದು ತಂದೆ.

ಸೊಸೆ ಇಲ್ಲಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ ಎಂದಷ್ಟೇ ನನಗೆ ಹೇಳಿದ್ದರು. ಮೈಸೂರಿನ ಸಾಧು ಹುಡುಗಿಗೆ ಮಾಂಬಾ ಎಂಬ ಆಫ್ರಿಕಾದ ವಿಷದ ಹಾವಿನ ಮೇಲೆ ಇಷ್ಟು ಪ್ರೀತಿ ಇರುವುದನ್ನು ಮದುವೆಗೆ ಮುಂಚೆ ಯಾರೂ ಬಾಯಿಬಿಟ್ಟಿರಲಿಲ್ಲ. ಎರಡು ವರ್ಷ ಡ್ಯಾಲಸ್ಸು, ಹ್ಯೂಸ್ಟನ್ನು ಎಂದು ಹಾವು ಸಾಕುವವರ ಬಾಗಿಲು ತಟ್ಟಿ, ಮೂಲದ ಊರು ಖಚಿತವಾಗಿ ಗೊತ್ತಿರುವ ಹಾವುಗಳ ಪೊರೆಯನ್ನಷ್ಟೇ ಬೇಡಿ ತಂದಿದ್ದಳಂತೆ. ಮರುದಿನ ಅವನ್ನು ಆಸ್ಟಿನ್ನಿನ ಒಂದು ಸಂಶೋಧನಾ ಸಂಗ್ರಹಕ್ಕೆ ಒಪ್ಪಿಸಬೇಕಿತ್ತು. ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದೋ ಬಿಡುವುದೋ ಎಂದು ಅವರು ತೀರ್ಮಾನಿಸುವುದು ಈ ಪೊರೆಗಳನ್ನು ನೋಡಿಯೇ.

"ಯಾವ ಜಾತಿ ಯಾವ ಊರಿಂದು ಅನ್ನೋ ಪಟ್ಟಿ ಕಂಪ್ಯೂಟರಲ್ಲಿದೆ. ಯಾವ ಬಾಟಲಿಲಿ ಯಾವುದಿತ್ತು ಅನ್ನೋದು ಚೀಟಿಲಿ ಮಾತ್ರ ಇತ್ತು," ಎಂದಳು.

ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗೆ ನನಗೆ ಆಗ ಬುದ್ಧಿ ಬಂತು. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಬದಲಿಗೆ, "ಹಂಗಾದ್ರ ಗುರುತು ಹಿಡಿಯೋಣ, ನಡಿ. ಹ್ಯಾಂಗಂತ ಹೇಳು," ಎಂದು ಜಬರಿಸಿದೆ.

ಅವಳು ಒಂದು ಹಳೇ ಲಕೋಟೆಯ ಹಿಂದೆ ಆಫ್ರಿಕಾ ಬರೆದಳು. ಮಾಂಬಾಗಳಲ್ಲಿ ನಾಲ್ಕು ಜಾತಿ. ಕಪ್ಪು ಮಾಂಬಾ ಪೂರ್ವಕ್ಕೂ ದಕ್ಷಿಣಕ್ಕೂ ಇರುವ ಒಣ ಕುರುಚಲು ಕಾಡಿನದು. ಉಳಿದ ಮೂರೂ ಹಸಿರು, ಮರ ಬಿಟ್ಟು ಇಳಿಯುವುದು ಕಡಿಮೆ. ಒಂದು ಪೂರ್ವ ಕರಾವಳಿಯದು, ಒಂದು ಪಶ್ಚಿಮದ ಮೂಲೆಯ ಕಾಡಿನದು. ನಡುವೆ ಕಾಂಗೋ ಕಾಡಿನಲ್ಲಿರುವುದು ಜೇಮ್ಸನ್ ಮಾಂಬಾ. ಅದರಲ್ಲೂ ಎರಡು ಕವಲು: ಕ್ಯಾಮರೂನ್ ಕಡೆಯದಕ್ಕೆ ಹಳದಿ ಬಾಲ, ಕೀನ್ಯಾ ಕಡೆಯದಕ್ಕೆ ಕಪ್ಪು ಬಾಲ. ನಮ್ಮ ಐದರಲ್ಲಿ ಈ ಎರಡೂ ಇದ್ದವು.

"ನಮ್ಮ ದೇಸಾಯರ ಮನೆತನದ ಹಂಗ ಅದ. ಒಂದು ಕವಲು ಹುಬ್ಬಳ್ಳಿಗೆ, ಒಂದು ಬೆಳಗಾವಿಗೆ," ಎಂದೆ. ಅವಳಿಗೆ ನಗು ಬರಲಿಲ್ಲ.

ಪೊರೆಯ ನಡು ಭಾಗದಲ್ಲಿ ಅಡ್ಡಕ್ಕೆ ಎಷ್ಟು ಸಾಲು ಹುರುಪೆ, ಅಂದರೆ ಮೈಮೇಲಿನ ಪುಟ್ಟ ಬಿಲ್ಲೆ, ಇದೆ ಎಂದು ಎಣಿಸಿದರೆ ಜಾತಿ ತಿಳಿಯುತ್ತದಂತೆ. ಒದ್ದೆ ಬಟ್ಟೆಯ ಮೇಲೆ ಪೊರೆ ಬಿಡಿಸಿ ಅವಳು ಎಣಿಸತೊಡಗಿದಳು. ಒಮ್ಮೆ ಹದಿನೆಂಟು ಬಂತು, ಒಮ್ಮೆ ಇಪ್ಪತ್ತು. "ಬೆನ್ನಿನ ನಡುವೆ ಒಂದೇ ಸಾಲು ಇರೋದ್ರಿಂದ ಬೆಸ ಸಂಖ್ಯೆನೇ ಬರಬೇಕು," ಎಂದು ಕಣ್ಣೊರೆಸಿಕೊಂಡಳು. ಅಳುವ ಕಣ್ಣಿಗೆ ಹಾವಿನ ಹುರುಪೆ ಹೇಗೆ ಕಂಡೀತು?

"ಸರಿ ಆ ಕಡೆ," ಎಂದೆ. ನಲವತ್ತು ವರ್ಷ ಕಸೂತಿ ಹಾಕಿದವಳು ನಾನು. ಇಳಕಲ್ ಸೀರೆಯ ಮೇಲೆ ಗೋಪುರ ಎಬ್ಬಿಸಬೇಕಾದರೆ ಗುರುತು ಹಾಕುವಂತಿಲ್ಲ, ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆಯನ್ನೇ ಎಣಿಸಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಕನ್ನಡಕ ಏರಿಸಿ, ಸೂಜಿಯ ಮೊಂಡು ತುದಿಯಿಂದ ಒಂದೊಂದೇ ಹುರುಪೆ ಮುಟ್ಟುತ್ತ ಹೋದೆ. ಮೊದಲು ಮೈ ಜುಮ್ಮೆಂದಿತು. ಆಮೇಲೆ ಹಾವು ಮರೆತುಹೋಯಿತು, ನೇಯ್ಗೆ ಮಾತ್ರ ಉಳಿಯಿತು. ದೇವರು ಎಷ್ಟು ಅಚ್ಚುಕಟ್ಟಾಗಿ ನೇಯ್ದಿದ್ದಾನೆ!

ಇಪ್ಪತ್ತಮೂರು. ಅನಘಾ ಕೂತಲ್ಲೇ ನೆಟ್ಟಗಾದಳು. "ಕಪ್ಪು ಮಾಂಬಾ!" ಹದಿಮೂರು ಬಂದದ್ದು ಪಶ್ಚಿಮದ್ದು. ಹತ್ತೊಂಬತ್ತು ಪೂರ್ವ ಕರಾವಳಿಯದು. ಪ್ರತಿಯೊಂದನ್ನೂ ಮೂರು ಸಲ ಎಣಿಸಿದೆ. ಉಳಿದ ಎರಡು ಜೇಮ್ಸನ್. ಎರಡಕ್ಕೂ ಹದಿನೈದೇ.

ಬಾಲದ ಕಡೆ ಕಪ್ಪಿನ ನೆರಳಿದ್ದರೆ ಕೀನ್ಯಾದ್ದು ಎನ್ನಬಹುದಿತ್ತಂತೆ. ಬಾಲದ ತುದಿಗಳು ಎರಡರಲ್ಲೂ ಇರಲಿಲ್ಲ. ಕವರಿಗೆ ತುರುಕುವಾಗ ಮುರಿದು, ವ್ಯಾಕ್ಯೂಮಿನ ಹೊಟ್ಟೆ ಸೇರಿದ್ದವು.

"ಒಂದಕ್ಕ ಕ್ಯಾಮರೂನ್ ಅಂತ ಬರಿ, ಇನ್ನೊಂದಕ್ಕ ಕೀನ್ಯಾ. ಯಾರಿಗೆ ಗೊತ್ತಾಗ್ತದ?" ಎಂದೆ.

"ಯಾರಿಗೂ ಗೊತ್ತಾಗಲ್ಲ ಅತ್ತೆ, ಅದೇ ತೊಂದರೆ. ನಾಳೆ ಯಾರೋ ಇದನ್ನ ನಂಬಿಕೊಂಡು ನಕ್ಷೆ ಬರೀತಾರೆ. ಖಾಲಿ ಬಿಟ್ರೆ, ಗೊತ್ತಿಲ್ಲ ಅನ್ನೋದಾದ್ರೂ ಗೊತ್ತಾಗುತ್ತೆ. ಅವರ ಲ್ಯಾಬಲ್ಲಿ ಪತ್ತೆಯಾದ್ರೆ ಅವರೇ ತುಂಬ್ಕೊಳ್ತಾರೆ."

"ಕೆಲಸ ಸಿಗಲಿಲ್ಲಂದ್ರ?"

"ಸಿಗಲ್ಲ," ಎಂದಳು, ಅಷ್ಟೇ.

ಭಾನುವಾರ ಆಸ್ಟಿನ್ನಿಗೆ ನಾನೂ ಹೊರಟೆ. ಬೇಡವೆಂದರೂ ಕೇಳಲಿಲ್ಲ. ಶ್ರೀಕರ್ ಡ್ರೈವ್ ಮಾಡಿದ. ಸಂಗ್ರಹದಲ್ಲಿ ಎತ್ತರದ, ನರೆತ ಗಡ್ಡದ ಸಾಹೇಬನೊಬ್ಬ ನಮಗೆಂದೇ ರಜೆಯ ದಿನ ಬಂದು ಕೂತಿದ್ದ. ಅನಘಾಗೆ ಒಂದು ಅರ್ಜಿ ಕೊಟ್ಟ. ಅವಳು ಎಲ್ಲ ತುಂಬಿದಳು, ಎರಡು ಊರು ಖಾಲಿ ಬಿಟ್ಟಳು. ಕೆಳಗೆ ಕಾರಣ ಬರೆಯಬೇಕಿತ್ತು. ಇಂಗ್ಲಿಷ್ ಓದಲು ನನಗೂ ಬರುತ್ತದೆ. ಬಗ್ಗಿ ನೋಡಿದರೆ, ತನ್ನ ನಿರ್ಲಕ್ಷ್ಯದಿಂದ ಚೀಟಿಗಳು ಹಾಳಾದವು ಎಂದು ಬರೆದಿದ್ದಾಳೆ!

ಸಿಟ್ಟು ನೆತ್ತಿಗೇರಿತು. "ಏನಿದು? ಹಾವಿಗೆ ಸುಳ್ಳು ಊರು ಬರಿಯಾಕ ಒಲ್ಲೆ ಅಂದಾಕಿ, ಅತ್ತಿ ಸಲುವಾಗಿ ಸುಳ್ಳು ಬರೀತೀಯೇನು? ತೊಳೆದಾಕಿ ನಾನು. ನನ್ನ ಹೆಸರು ಬರಿ!"

"ಮೆಲ್ಲಗೆ ಅತ್ತೆ... ನಿಮ್ಮನ್ನ ನೋಡಿ ನಗ್ತಾರೆ."

"ನಗಲಿ. ನಗೂದಕ್ಕೇನು ಹಲ್ಲು ಸವೀತಾವ?"

ಸಾಹೇಬ ಏನೆಂದು ಕೇಳಿದ. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಅವನು ನಗಲಿಲ್ಲ. ಅರ್ಜಿಯನ್ನು ಅವಳ ಕಡೆಗೇ ತಳ್ಳಿ, ಹಾಗಾದರೆ ಇದ್ದದ್ದನ್ನೇ ಬರೆಯಿರಿ ಎಂದ.

ಬರೆದಳು. ಚೀಟಿ ತೊಳೆದವರು: ಭಾನುಮತಿ ದೇಸಾಯಿ. ಅದರ ಕೆಳಗಿನ ಸಾಲಿನಲ್ಲಿ ನಾನು ಕೇಳದಿದ್ದರೂ ಬರೆದಳು. ಹುರುಪೆ ಎಣಿಸಿದವರು: ಭಾನುಮತಿ ದೇಸಾಯಿ.

ಸಾಹೇಬ ಆ ಖಾಲಿ ಜಾಗಗಳ ಮೇಲೆ ಬೆರಳಿಟ್ಟ. ಊಹೆ ಮಾಡಿ ತುಂಬಿದ್ದರೆ ಐದನ್ನೂ ವಾಪಸು ಕಳಿಸುತ್ತಿದ್ದೆ, ಆಗಸ್ಟಿನಿಂದ ಕೆಲಸಕ್ಕೆ ಬರಲು ಆಗುತ್ತದೆಯೇ ಎಂದು ಅವಳನ್ನು ಕೇಳಿದ.

ಹೊರಗೆ ಬಂದ ಮೇಲೆ ನನ್ನ ಕಣ್ಣಲ್ಲಿ ದಳದಳ ನೀರು.

"ತಪ್ಪಾತವ್ವಾ," ಎಂದೆ. ಒಂದು ದಿನ ತಡವಾಗಿಯಾದರೂ ಬಾಯಿಂದ ಹೊರಬಿತ್ತು.

"ಅರ್ಜಿಲೇ ಬರೆಸಿದ್ರಲ್ಲ ಅತ್ತೆ," ಎಂದು ಅನಘಾ ನನ್ನ ತೋಳಿಗೆ ತನ್ನ ತೋಳು ಸೇರಿಸಿಕೊಂಡಳು.