ಸೀಟಿನ ಕೆಳಗಿನ ಬೆಲ್ಟು

"ಬಾನೆಟ್ ಮೇಲಿಂದ ಕೈ ತೆಗಿಯೋ. ಇಲ್ಲಾಂದ್ರೆ ಬೆರಳು ಮುರಿದು ಕೈಗೆ ಕೊಡ್ತೀನಿ," ಎಂದು ಚಿಕ್ಕವೆಂಕಟಪ್ಪ ಗುಡುಗಿದ.

"ಮುರೀರಿ ಭಾವ. ಇಂಜಿನ್ ಮುರಿಯೋದಕ್ಕಿಂತ ವಾಸಿ," ಎಂದ ಹರಿಪ್ರಸಾದ್. ಕೈ ಮಾತ್ರ ಅಲ್ಲಾಡಲಿಲ್ಲ.

ಹರಿಪ್ರಸಾದ್ ಚಿಕ್ಕವೆಂಕಟಪ್ಪನ ಹೆಂಡತಿಯ ತಮ್ಮ, ಹೊಸಕೋಟೆಯಲ್ಲಿ ಗ್ಯಾರೇಜು ಇಟ್ಟವನು. ಚಿಕ್ಕವೆಂಕಟಪ್ಪನದು ಜಡಿಗೇನಹಳ್ಳಿಯಲ್ಲಿ ರಾಗಿ ಮಿಲ್ಲು. ಇಬ್ಬರ ನಡುವೆ ನಿಂತಿದ್ದದ್ದು ಹಳೆಯ ಡೀಸೆಲ್ ಜೀಪು. ನಾಲ್ಕು ಚಕ್ರಕ್ಕೂ ಬಲ ಹೋಗುವ ಗಾಡಿ. ಕೆರೆಯಂಗಳದಲ್ಲಿ ಹೂತ ಟ್ರಾಕ್ಟರನ್ನೂ ಎಳೆದು ತಂದದ್ದುಂಟು. ಮಗಳು ಅಕ್ಷತ ಗಂಡನ ಮನೆಗೆ ಹೋದದ್ದು ಇದರಲ್ಲೇ. ಈಗ ಅವಳು ತುಂಬು ಬಸುರಿ. ಚೊಚ್ಚಲ ಹೆರಿಗೆಗೆ ಕುಂದಾಣದಿಂದ ಇವತ್ತು ಕರೆತರಬೇಕು. ಅಳಿಯ ತನ್ನ ಕಾರಿನಲ್ಲೇ ಬಿಡುತ್ತೇನೆ ಎಂದಿದ್ದ. ಚಿಕ್ಕವೆಂಕಟಪ್ಪ ಒಪ್ಪಿರಲಿಲ್ಲ. ತವರಿನ ಗಾಡಿ ಬಾಗಿಲಿಗೆ ಹೋಗದೆ ಮಗಳು ಹೊರಡುವುದು ಎಲ್ಲಾದರೂ ಉಂಟೇ?

"ಟೈಮಿಂಗ್ ಬೆಲ್ಟ್ ಹಾಕಿಸಿ ಎಷ್ಟು ವರ್ಷ ಆಯ್ತು ಭಾವ?"

"ಎಲ್ಲಿ ಓಡಿದೆ ಗಾಡಿ? ಮೀಟರ್ ನೋಡು."

"ಆ ಮೀಟರ್ ಅಕ್ಷತ ಹೈಸ್ಕೂಲಲ್ಲಿದ್ದಾಗಲೇ ನಿಂತಿದೆ. ಅದರ ಲೆಕ್ಕದಲ್ಲಿ ಅವಳಿಗಿನ್ನೂ ಮದುವೇನೇ ಆಗಿಲ್ಲ."

ಒಳಗೆ ಹೂವು ಕಟ್ಟುತ್ತಿದ್ದ ಮುನಿವೆಂಕಟಮ್ಮ ಕಿಸಕ್ಕೆಂದಳು. ಗಂಡನಿಗೆ ಮೈ ಉರಿಯಿತು.

ಬೆಲ್ಟಿನ ವಿಷಯ ತನಗೇ ಹೇಳಿಕೊಡಲು ಬಂದನಲ್ಲ ಇವನು! ಮಿಲ್ಲಿನ ಬೆಲ್ಟು ಹರಿಯುವ ಮೊದಲು ಕಿರುಗುಟ್ಟುತ್ತದೆ, ಜಾರುತ್ತದೆ, ಅಂಚಿನಲ್ಲಿ ಎಳೆ ಬಿಡುತ್ತದೆ. ಹರಿದರೂ ಏನು, ಬೀಸುವ ಕಲ್ಲು ನಿಲ್ಲುತ್ತದೆ, ಅಷ್ಟೆ. ಗೋಡೆಯ ಮೊಳೆಗೆ ನೇತುಹಾಕಿದ ಹೊಸದನ್ನು ಏರಿಸಿದರೆ ರಾಗಿ ಮತ್ತೆ ಹಿಟ್ಟಾಗುತ್ತದೆ.

"ನಾನು ತಂದುಕೊಟ್ಟ ಬೆಲ್ಟ್ ಏನ್ಮಾಡಿದ್ರಿ?"

"ಜೋಪಾನವಾಗಿದೆ." ಚಿಕ್ಕವೆಂಕಟಪ್ಪ ಸೀಟು ಎತ್ತಿ ತೋರಿಸಿದ. ಡಬ್ಬಿಯ ಮೇಲೆ ಆಯುಧಪೂಜೆಗೊಮ್ಮೆ ಇಟ್ಟ ಕುಂಕುಮ ಪದರಗಟ್ಟಿತ್ತು. "ದಾರೀಲಿ ಹರಿದ್ರೆ ಇದನ್ನ ಹಾಕ್ಕೋತೀನಿ. ಸ್ಟೆಪ್ನಿ ಇಟ್ಕೊಳಲ್ವಾ, ಹಂಗೆ."

ಹರಿಪ್ರಸಾದ್ ಜಗಲಿಯ ಮೇಲೆ ಕುಸಿದು ಕೂತ. "ಭಾವ, ಅದು ಹರಿದ್ರೆ ಇಂಜಿನ್ನೊಳಗೆ ವಾಲ್ವು, ಪಿಸ್ಟನ್ನು ಗುದ್ದಾಡ್ಬಿಡ್ತವೆ. ಆಮೇಲೆ ಹೊಸಾ ಬೆಲ್ಟ್ ಇಟ್ಕೊಂಡು ಏನ್ಮಾಡ್ತೀರಿ, ಉಡಿದಾರ ಕಟ್ಕೋತೀರಾ?"

"ಕಿರುಗುಟ್ಟಿದ್ರೆ ನನಗೆ ಕೇಳ್ಸುತ್ತೆ ಕಣೋ. ಮಿಲ್ಲಲ್ಲಿ ಪಳಗಿದ ಕಿವಿ ಇದು."

"ಇದು ಕಿರುಗುಟ್ಟಲ್ಲ. ಮುಚ್ಚಳದೊಳಗಿರೋ ಹಲ್ಲಿನ ಬೆಲ್ಟು, ಹೇಳದೆ ಕೇಳದೆ ಹೋಗುತ್ತೆ. ಅದಕ್ಕೇ ವಯಸ್ಸಾದ ತಕ್ಷಣ, ನೆಟ್ಟಗಿದ್ದಾಗಲೇ ಬದಲಾಯಿಸ್ಬೇಕು. ಬೇರಿಂಗ್ ಸಮೇತ."

"ನೆಟ್ಟಗಿರೋದನ್ನ ಯಾಕ್ಲಾ ಕೀಳೋದು?"

ಮುನಿವೆಂಕಟಮ್ಮ ಹೂವಿನ ಬುಟ್ಟಿ ಹಿಡಿದು ಹೊರಗೆ ಬಂದಳು. ಅದನ್ನು ಜಗಲಿಯ ಮೇಲಿಟ್ಟು ಗಂಡನ ಎದುರು ನಿಂತಳು.

"ನಾನೂ ನಿಮ್ಮಮ್ಮನೂ ಒಂದೇ ಒರಳಲ್ಲಿ ಕುಟ್ತಾ ಇದ್ದದ್ದು ನೆನಪಿದೆಯಾ? ಅವರ ಒನಕೆ ಮೇಲೆ ಹೋದಾಗ ನಂದು ಕೆಳಗೆ. ಹಾಡಿನ ಲಯ ತಪ್ಪಿದ್ರೆ ಒನಕೆಗೆ ಒನಕೆ ಹೊಡೀತಿತ್ತು. ಆ ಬೆಲ್ಟೂ ಹಂಗೇ ವಾಲ್ವು, ಪಿಸ್ಟನ್ನಿನ ಲಯ ಹಿಡಿಯೋದು. ಹೌದೇನೋ ಹರಿ?"

"ಹೌದಕ್ಕ."

"ಒನಕೆ ಮುರಿದ ಮೇಲೆ ಹಾಡು ನೆನಪಾಗಿ ಏನ್ ಬಂತು?"

ಚಿಕ್ಕವೆಂಕಟಪ್ಪನಿಗೆ ಅರ್ಥವಾಯಿತು. ಅರ್ಥವಾದದ್ದೇ ಕಷ್ಟವಾಯಿತು. ಬಾಮೈದನ ಮುಂದೆ ಸೋಲುವುದು ಹೇಗೆ?

"ಇವತ್ತೊಂದಿನ ಹೋಗ್ಬರ್ತೀನಿ. ನಾಳೆ ಬಿಚ್ಚಲಿ."

"ನಾಳೆ ಬಿಚ್ಚೋ ಬೆಲ್ಟನ್ನ ನಂಬಿ ಇವತ್ತು ಬಸುರಿ ಮಗಳನ್ನ ಕೂರಿಸ್ತೀರಾ? ಹೈವೇ ಮಧ್ಯ ನಿಂತ್ರೆ ಹಿಂದೆ ಬರೋ ಲಾರಿಯೋನು ತವರಿನ ಮರ್ಯಾದೆ ನೋಡ್ತಾನಾ?"

"ಬಾಯಿ ಮುಚ್ಕೊಂಡು ಹತ್ತೇ."

"ನಾನು ಬಸ್ಸಿಗೆ ಹೋಗ್ತೀನಿ. ಅಳಿಯಂದಿರ ಕಾರಲ್ಲೇ ಬರ್ತೀವಿ."

ಆಕೆ ಜೀಪಿನೊಳಗೆ ಬಗ್ಗಿ, ಕೊಂಚ ಹೊತ್ತು ತಡಕಾಡಿ ತನ್ನ ಚೀಲ ಎತ್ತಿಕೊಂಡಳು, ಸೆರಗು ಸಿಕ್ಕಿಸಿಕೊಂಡಳು, ಗೇಟು ದಾಟಿ ನಡೆದೇಬಿಟ್ಟಳು.

ಚಿಕ್ಕವೆಂಕಟಪ್ಪ ಜೀಪಿಗೆ ಒರಗಿ ನಕ್ಕ. "ಬಸ್ ಸ್ಟಾಪಿನ ಹುಣಸೇಮರದ ಗಂಟ ಹೋಗ್ತಾಳೆ. ಬಿಸಿಲು ತಾಕಿದ್ರೆ ತಾನೇ ವಾಪಸ್ ಬರ್ತಾಳೆ. ಹೂವಿನ ಬುಟ್ಟಿ ಬೇರೆ ಇಲ್ಲೇ ಬಿಟ್ಟವಳೆ."

ಬಸ್ಸಿನ ಹಾರನ್ನು ಕೇಳಿಸಿತು. ನಿಂತ ಸದ್ದು, ಹೊರಟ ಸದ್ದು. ಗೇಟಿನ ಕಡೆ ಯಾರೂ ಬರಲಿಲ್ಲ.

"ಬರದಿದ್ರೆ ಬಿಡು. ಅವಳಿಗಿಂತ ಮುಂಚೆ ಕುಂದಾಣದಲ್ಲಿರ್ತೀನಿ." ಬುಟ್ಟಿಯನ್ನು ಪಕ್ಕದ ಸೀಟಿನಲ್ಲಿ ಕುಕ್ಕಿ, ತಾನೂ ಹತ್ತಿ ಕೂತು ಕೀ ತಿರುಗಿಸಲು ಕೈ ಹಾಕಿದ. ಕೀ ಇರಲಿಲ್ಲ. ಜೇಬು ತಡವಿದ. ಅಲ್ಲೂ ಇಲ್ಲ. ಚೀಲ ಎತ್ತಿಕೊಳ್ಳಲು ಹೆಂಡತಿ ಅಷ್ಟು ಹೊತ್ತು ಯಾಕೆ ಬಗ್ಗಿದ್ದಳೆಂದು ಆಗ ಹೊಳೆಯಿತು.

ಹರಿಪ್ರಸಾದ್ ತನ್ನ ಚೀಲದಿಂದ ಸ್ಪ್ಯಾನರು ತೆಗೆದ. "ಬೆಲ್ಟ್ ಬಿಚ್ಚೋಕೆ ಕೀ ಬೇಕಾಗಿಲ್ಲ ಭಾವ."

"ಸೀಟಿನ ಕೆಳಗಿನದು ಕೊಡ್ಲಾ?" ಎಂದು ಕೊನೆಗೆ ಚಿಕ್ಕವೆಂಕಟಪ್ಪ ಕೇಳಿದ. ದನಿ ಇಳಿದಿತ್ತು.

"ಅದೂ ವರ್ಷಗಟ್ಟಲೆ ಸೀಟಿನಡಿ ಕಾವಿಗೆ ಬೆಂದು ಮುದಿಯಾಗಿದೆ. ಮಿಲ್ಲಿನ ಮೊಳೆಗೆ ನೇತುಹಾಕಿ, ಪೂಜೆಗಾಗುತ್ತೆ. ನಾನು ಹೊಸದು ತಂದಿದ್ದೀನಿ."

ಚಿಕ್ಕವೆಂಕಟಪ್ಪ ಇಳಿದು ಬಂದು ಬಾನೆಟ್ಟಿನ ಕೊಕ್ಕೆಯನ್ನು ತಾನೇ ಬಿಚ್ಚಿದ. ಎತ್ತುವ ಮುನ್ನ ಇನ್ನೊಂದು ಸಲ ರಸ್ತೆಯ ಕಡೆ ನೋಡಿದ. ಹುಣಸೇಮರದ ನೆರಳಲ್ಲಿ ಯಾರೂ ಇರಲಿಲ್ಲ.